ಮನೆಮಗಳಿಗೆ ಸೀರೆ, ಗಂಡಸರಿಗೆ ಸಂಬಳ

ಆಯುಧಪೂಜೆಯ ಸಂಜೆ ಪ್ರೇಮಲೀಲಾ ಹೊಸ ಸೀರೆ ಹಿಡಿದುಕೊಂಡು ಕೃಷ್ಣಮೂರ್ತಿಪುರಂನ ಮನೆಗೆ ಬಂದಳು. ಅವಳು ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕಿ. ತಂತಿಯಲ್ಲಿ ಬಂದ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತಿರುಗಿಸಿ, ತಲೆಬರಹ ಕೊಟ್ಟು, ಅಚ್ಚಿಗೆ ಕಳಿಸುವುದು ಅವಳ ಕೆಲಸ. ಪಕ್ಕದ ಮೇಜಿನ ಷಡಕ್ಷರಿಯದೂ ಅದೇ ಕೆಲಸ, ಅಷ್ಟೇ ಹೊತ್ತು.

ಅಚ್ಚಿನ ಯಂತ್ರಗಳಿಗೆ ಪೂಜೆಯಾದ ಮೇಲೆ ಮಾಲೀಕರಾದ ನಂಜಯ್ಯನವರು ಗಂಡಸರಿಗೆಲ್ಲ ಸಂಬಳ ಏರಿಸಿದ್ದರು. ಪ್ರೇಮಲೀಲಾಗೆ ಮಾತ್ರ ಅರಿಶಿನ ಕುಂಕುಮದ ಜೊತೆ ಸೀರೆ ಕೊಟ್ಟು, "ನೀನು ನಮ್ಮನೆ ಮಗಳು ಕಣಮ್ಮ" ಎಂದಿದ್ದರು. ಪಾಪ, ಇವಳೂ ಖುಷಿಯಿಂದಲೇ ತಂದಿದ್ದಳು. ನನಗಂತೂ ಆಫೀಸಿನಲ್ಲಿ ಆಡುವ ಈ 'ಮನೆಮಗಳು' ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ.

ಪಕ್ಕದ ಮನೆಯ ಸ್ಕೂಲ್ ಮೇಡಂ ಅಂಬುಜಮ್ಮ ಬಾಗಿಲಲ್ಲೇ ಸೀರೆಯನ್ನು ಕಂಡರು.

"ಚೆನ್ನಾಗಿದೆ. ಷಡಕ್ಷರಿಗೂ ಸೀರೆನೇ ಕೊಟ್ರಾ?"

ಪ್ರೇಮಲೀಲಾ ನಕ್ಕಳು. "ಅವ್ರಿಗೆ ಸಂಬಳ ಏರಿಸಿದ್ರು. ಮೊದ್ಲೇ ನನಗಿಂತ ಜಾಸ್ತಿ ಇತ್ತು."

ಜಗಲಿಯ ಮೇಲೆ ಕೂತಿದ್ದ ತಂದೆ ಶಿವಲಿಂಗಯ್ಯ ಮಧ್ಯೆ ಬಾಯಿ ಹಾಕಿದರು. "ಗಂಡಸು, ಸಂಸಾರ ಸಾಕ್ಬೇಕಲ್ಲ ತಾಯಿ."

"ಷಡಕ್ಷರಿಗೆ ಮದ್ವೇನೇ ಆಗಿಲ್ಲ, ಸ್ವಾಮಿ. ಹೋಟ್ಲಲ್ಲಿ ಊಟ ಮಾಡ್ಕೊಂಡು ಆರಾಮಾಗವ್ರೆ. ಈ ಮನೆ ಸಾಕ್ತಿರೋದು ಯಾರು?"

ಕಣ್ಣು ಮಂಜಾಗಿ ಶಿವಲಿಂಗಯ್ಯ ಅಂಗಡಿ ಮುಚ್ಚಿದಾಗಿನಿಂದ ಮಗಳ ಸಂಬಳದಲ್ಲೇ ಮನೆ ನಡೆದಿತ್ತು. ಫೀಸು ಕಟ್ಟಲಾಗದೆ ಚಿಕ್ಕಮಗಳನ್ನು ಕಾಲೇಜು ಬಿಡಿಸುವ ಮಾತೂ ಆಗಿತ್ತು.

"ಪತ್ರಕರ್ತರಿಗೆ ಅಂತ್ಲೇ ಕಾಯ್ದೆ ಬಂದಿದೆ," ಎಂದರು ಅಂಬುಜಮ್ಮ. "ಅದ್ರಲ್ಲಿ ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಅಂತ ಬರ್ದಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ಇರ್ಬೇಕು ಅಂತ ಸಂವಿಧಾನದಲ್ಲೂ ಹೇಳಿದೆ. ಹೋಗಿ ಕೇಳು, ಲೀಲಾ. ನೌಕರಳಾದ್ರೆ ಸರಿಯಾದ ಸಂಬಳ ಕೊಡ್ಲಿ. ಮನೆಮಗಳೇ ಅಂದ್ರೆ ಆಸ್ತೀಲಿ ಪಾಲು ಕೊಡ್ಲಿ."

"ಬೇಡಿ," ಎಂದರು ಶಿವಲಿಂಗಯ್ಯ. "ನಾನು ಕೈ ಮುಗಿದು ಕೇಳ್ಕೊಂಡಿದ್ದಕ್ಕೆ ಅವ್ರು ಕೆಲಸ ಕೊಟ್ಟಿದ್ದು. ಆ ಋಣ ಇದೆ."

ಪ್ರೇಮಲೀಲಾ ತಂದೆಯ ಪಕ್ಕ ಕೂತಳು. "ಅಪ್ಪ, ಋಣ ನಿಮ್ದು. ಅದನ್ನ ನನ್ ಸಂಬಳದಲ್ಲಿ ಪ್ರತಿ ತಿಂಗಳು ಮುರ್ಕೊಳ್ತಿದಾರೆ. ಇನ್ನೂ ಎಷ್ಟು ವರ್ಷ ತೀರಿಸ್ಲಿ?"

ಆ ಮಾತು ಮುದುಕರಿಗೆ ತಾಗಿತು. "ನಾನೂ ಬರ್ತೀನಿ" ಎಂದರು.

ಹಬ್ಬ ಮುಗಿದ ಮೇಲೆ ಮಗಳ ಕೈ ಹಿಡಿದು ಪತ್ರಿಕೆಯ ಆಫೀಸಿಗೆ ಹೋದರು. ಪ್ರೇಮಲೀಲಾ ತನ್ನ ಕೆಲಸ ಏನೆಂದು ಹೇಳಿ, ಷಡಕ್ಷರಿಗೆ ಕೊಡುವಷ್ಟೇ ಸಂಬಳ ತನಗೂ ಬೇಕೆಂದಳು.

ನಂಜಯ್ಯನವರು ತಂದೆಯ ಕಡೆ ತಿರುಗಿದರು. "ಏನ್ ಶಿವಲಿಂಗಯ್ಯನೋರೇ, ಉಪಕಾರ ಮರೆತುಬುಟ್ರಾ?"

"ಮರ್ತಿಲ್ಲ, ಬುದ್ಧಿ. ಉಪಕಾರ ಮಾಡಿದ್ದು ನನಗೆ. ಸಾಯೋತನಕ ನೆನೀತೀನಿ. ದುಡೀತಿರೋದು ಅವಳು. ಅವಳ ಕೂಲಿ ಅವಳಿಗೆ ಕೊಟ್ಬುಡಿ."

ತನ್ನ ಮೇಜಿನಲ್ಲಿ ಕೂತಿದ್ದ ಷಡಕ್ಷರಿಯೂ ಎದ್ದು ನಿಂತ. "ಸ್ವಾಮಿ, ನಾನು ಭಾಷಾಂತರ ಕಲ್ತಿದ್ದೇ ಇವ್ರನ್ನ ನೋಡಿ. ಇವ್ರು ದೂರು ಕೊಡೋಕೆ ಪತ್ರಕರ್ತರ ಸಂಘಕ್ಕೆ ಹೋದ್ರೆ ನಾನೂ ಜೊತೆಗೆ ಹೋಗ್ತೀನಿ."

ನಂಜಯ್ಯನವರು ಕನ್ನಡಕ ಒರೆಸಿಕೊಂಡರು. ಕೊನೆಗೆ, ಮುಂದಿನ ತಿಂಗಳಿಂದ ಇಬ್ಬರಿಗೂ ಒಂದೇ ಸಂಬಳ ಎಂದರು.

"ಹಿಂದಿನ ಬಾಕಿ?" ಎಂದಳು ಪ್ರೇಮಲೀಲಾ. ಅದಕ್ಕೆ ಅವರು ಒಪ್ಪಲಿಲ್ಲ. ಆ ಬಾಕಿಗಾಗಿ ಅವಳು ಅಂದೇ ಸಂಘದ ಸದಸ್ಯೆಯಾದಳು. ತಂಗಿ ಕಾಲೇಜು ಬಿಡಲಿಲ್ಲ.

ಅಕ್ಕಂದಿರೇ, ತಂಗಿಯರೇ, ಪಕ್ಕದ ಮೇಜಿನವನ ಸಂಬಳ ಎಷ್ಟೆಂದು ಕೇಳಿ ತಿಳಿಯಿರಿ. ನಾಚಿಕೆ ಬೇಡ. ಕಡಿಮೆ ಕೊಟ್ಟವರು ನಾಚಲಿ. ಅಣ್ಣಂದಿರೇ, ನಿಮ್ಮ ಜೊತೆ ದುಡಿಯುವವಳು ಕೇಳಲು ಎದ್ದಾಗ ನೀವೂ ಎದ್ದು ನಿಲ್ಲಿ. ಇನ್ನು ಹೆಣ್ಣು ಹೆತ್ತ ತಂದೆತಾಯಿಯರೇ, ನಿಮ್ಮ ಋಣವನ್ನು ನೀವೇ ತೀರಿಸಿ. ಮಗಳ ದುಡಿಮೆಯನ್ನು ಅದಕ್ಕೆ ಒತ್ತೆ ಇಡಬೇಡಿ.