ಗಟಾರದ ಬಂಗಾರ

ಬೆಳಕು ಹರಿಯುವ ಹೊತ್ತಿಗೆ ರುಕ್ಮವ್ವ ಸರಾಫ ಬಜಾರದ ಗಟಾರದಲ್ಲಿ ಮೊಣಕೈಯವರೆಗೆ ಕೈ ಇಳಿಸಿರುತ್ತಿದ್ದಳು. ಅಂಗಡಿ ತೆರೆಯುವ ಮೊದಲೇ ಕೆಲಸ ಮುಗಿಯಬೇಕು. ಗಟಾರದಲ್ಲಿ ಕೈಯಾಡಿಸುವ ಹೆಂಗಸರು ಗಿರಾಕಿಗಳ ಕಣ್ಣಿಗೆ ಬಿದ್ದರೆ ಬಂಗಾರಕ್ಕೆ ಶೋಭೆಯಲ್ಲ ಎಂದು ಅಂಗಡಿಯವರು ಹೇಳುತ್ತಿದ್ದರು. ಅಕ್ಕಸಾಲಿಗರು ಅರದಿಂದ ಉಜ್ಜುವಾಗ ಉದುರಿದ ಪುಡಿ ಅವರ ಕಾಲಿಗೆ, ಚಾಪೆಗೆ ಅಂಟಿ, ಕೈ ತೊಳೆದ ನೀರಿನ ಜೊತೆ ಗಟಾರಕ್ಕೆ ಇಳಿಯುತ್ತಿತ್ತು. ಅದರ ಜೊತೆ ಸತ್ತ ಇಲಿ, ಸೋಸಿದ ಚಹಾಪುಡಿ, ಮಕ್ಕಳ ಹೇಲು ಕೂಡ ಇಳಿಯುತ್ತಿದ್ದವು. ರುಕ್ಮವ್ವ ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬುತ್ತಿದ್ದಳು.

ಅವಳ ಜೋಡಿ ಸಕೀನಾ ಅಂಗಡಿ ಕಟ್ಟೆಗಳ ಸಂದಿಯ ಧೂಳನ್ನು ಬ್ರಶ್ಶಿನಿಂದ ಗುಡಿಸುತ್ತಿದ್ದಳು. ಇಬ್ಬರೂ ಹರೆಯದಲ್ಲೇ ಈ ಕೆಲಸಕ್ಕೆ ಬಂದವರು. ಒಬ್ಬಳಿಗೆ ಹಡೆದವ್ವ ಕಲಿಸಿದ್ದಳು, ಇನ್ನೊಬ್ಬಳಿಗೆ ಅತ್ತೆ. ಊರ ಹೊರಗಿನ ಹಳ್ಳಕ್ಕೆ ಕೆಸರು ಹೊತ್ತೊಯ್ದು ಮರಗಿಗೆ ಸುರಿಯುತ್ತಿದ್ದರು. ಮರಗಿ ಎಂದರೆ ನಡು ತುಸು ತಗ್ಗಾದ ಕಟ್ಟಿಗೆಯ ಹರಿವಾಣ. ಅದನ್ನು ನೀರಿನಲ್ಲಿ ತೂಗಿದರೆ ಹಗುರವಾದದ್ದು ಅಂಚಿನಿಂದ ಹರಿದುಹೋಗಿ ತಳದಲ್ಲಿ ಕರಿ ಉಸುಕು ಉಳಿಯುತ್ತಿತ್ತು. ಆ ಉಸುಕಿಗೆ ಪಾರಾ, ಅಂದರೆ ಪಾದರಸ, ಹಾಕಿ ಅಂಗೈಯಿಂದ ತಿಕ್ಕಿದರೆ ಅದು ಬಂಗಾರದ ಪುಡಿಯನ್ನು ಹಿಡಿದುಕೊಳ್ಳುತ್ತಿತ್ತು. ಬಟ್ಟೆಯಲ್ಲಿ ಹಿಂಡಿದರೆ ಒಂದು ಬೂದು ಉಂಡೆ. ಉಂಡೆಯನ್ನು ಸಗಣಿ ಕುಳ್ಳಿನ ಕೆಂಡದ ಮೇಲಿಟ್ಟರೆ ಪಾರಾ ಹೊಗೆಯಾಗಿ ಹೋಗಿ ಬಂಗಾರ ಉಳಿಯುತ್ತಿತ್ತು.

ಸುಡುವುದು ಬಯಲಿನಲ್ಲೇ ಆಗಬೇಕು. ಗಾಳಿ ಬೀಸಿ ಬರುವ ಕಡೆ ನಿಲ್ಲಬೇಕು. ಮೂಗಿಗೆ ಸೆರಗು ಕಟ್ಟಬೇಕು. ಇಷ್ಟೆಲ್ಲ ಮಾಡಿಯೂ ರುಕ್ಮವ್ವನ ಹಲ್ಲುಗಳು ಅಲುಗಾಡುತ್ತಿದ್ದವು. ಸಕೀನಾ ಚಹಾ ತುಳುಕದಂತೆ ಕಪ್ಪನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅಂಗಡಿಯವರೆಲ್ಲ ಸೇರಿ ಗಟಾರ ಬಳಿಯುವ ಗುತ್ತಿಗೆಯನ್ನು ಬಬಲೇಶ್ವರ ಕಡೆಯ ರಾಜಾರಾಮ ಸಾವಕಾರನಿಗೆ ಕೊಟ್ಟರು. ಮರುದಿನವೇ ಸಾವಕಾರನ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಅಮೋಘಿ ಬಂದು ಗಟಾರದ ಮುಂದೆ ನಿಂತ.

"ಇನ್ನ ಮ್ಯಾಲ ಈ ಗಟಾರ ನಮ್ಮ ಸಾವಕಾರ್ದು."

"ಗಟಾರ ಅಷ್ಟ ಸಾವಕಾರ್ದೋ, ಅದರಾಗಿನ ಹೊಲಸೂ ಸಾವಕಾರ್ದೋ?" ಸಕೀನಾ ಕೇಳಿದಳು.

"ಎರಡೂ."

"ಮಂದಿ ಹೇಲು ಸುದ್ದಾ?"

"ಎಲ್ಲಾ ಅಂದೆನಲ್ಲಬೇ."

ಟ್ರ್ಯಾಕ್ಟರು ಬಂದು ಕೆಸರನ್ನು ತುಂಬಿಕೊಂಡು ಸೊಲ್ಲಾಪುರ ರಸ್ತೆಯ ಒಂದು ತಗಡಿನ ಶೆಡ್ಡಿಗೆ ಒಯ್ದಿತು. ತೊಳೆಯಲು ಆಳು ಬೇಕಿತ್ತು. ಅಮೋಘಿ ಗಟಾರ ಬಳಿಯುತ್ತಿದ್ದ ಹೆಂಗಸರ ಮನೆಗಳಿಗೇ ಹೋಗಿ ದಿನಗೂಲಿಗೆ ಕರೆದ. ಮರಗಿ ಮಾತ್ರ ನೀವೇ ತರಬೇಕು ಎಂದ. ಊರಿನಲ್ಲಿ ಬೇರೆ ಗಟಾರ ಬೇಕಾದಷ್ಟಿದ್ದವು. ಬಂಗಾರದ ಗಟಾರ ಅದೊಂದೇ. ಹೆಂಗಸರು ಹೋದರು.

ಶೆಡ್ಡಿಗೆ ಒಂದೇ ಶೆಟರು, ಕಿಟಕಿ ಇರಲಿಲ್ಲ. ಒಳಗೆ ನೀರಿನ ಒಂದು ಸಿಮೆಂಟಿನ ಟಾಕಿ, ಹೊರಗೆ ಕೆಸರಿನ ಗುಡ್ಡೆ. ಸಂಜೆ ಮನೆಗೆ ಹೊರಡುವ ಮುನ್ನ ಅಮೋಘಿಯ ಹೆಂಡತಿ ಬಂದು ಒಬ್ಬೊಬ್ಬರ ತುರುಬು ಬಿಚ್ಚಿಸಿ ಬಾಚುತ್ತಿದ್ದಳು, ಸೀರೆ ಝಾಡಿಸುತ್ತಿದ್ದಳು, ಕೈಕಾಲನ್ನು ಟಾಕಿಯೊಳಗೇ ತೊಳೆಸುತ್ತಿದ್ದಳು. ಉಗುರ ಸಂದಿಯ ಕೆಸರೂ ಸಾವಕಾರನ ಲೆಕ್ಕಕ್ಕೆ ಸೇರಿತ್ತು.

ಘೋಣಸಗಿಯ ನೀಲಾ ಕೆಲಸಕ್ಕೆ ಸೇರಿದ್ದು ಅಲ್ಲಿಯೇ. ದ್ರಾಕ್ಷಿ ತೋಟದ ಕೆಲಸ ಮುಗಿದಿತ್ತು, ಬಸ್ಸು ಹಿಡಿದು ಬರುತ್ತಿದ್ದಳು. ಮರಗಿ ತೂಗುವುದನ್ನು ಸಕೀನಾ ಅವಳ ಹಿಂದೆ ಕುಳಿತು ಕೈಹಿಡಿದು ಕಲಿಸಿದಳು.

ಉಂಡೆ ಸುಡುವ ದಿನ ಅಮೋಘಿ ಶೆಟರು ಎಳೆಯಲು ಬಂದ.

"ಪಾರಾ ಬಯಲಾಗ ಸುಡಬೇಕ್ರಿ," ಎಂದಳು ರುಕ್ಮವ್ವ.

"ಬಯಲಾಗ ಮಂದಿ ನೋಡ್ತಾರ."

"ನೋಡ್ಲಿ ಬಿಡ್ರಿ. ಮಂದಿ ನೋಡಿದ್ರ ಬಂಗಾರ ಸವೀತದೇನು?"

ಹೊರಗೆ ಕುರ್ಚಿಯ ಮೇಲೆ ಕುಳಿತಿದ್ದ ರಾಜಾರಾಮ ಮೊಬೈಲಿನಿಂದ ತಲೆ ಎತ್ತಿದ. "ಒಂದ ಫ್ಯಾನ್ ತರಸ್ತೀನಿ ತಗೋ ರುಕ್ಮವ್ವ. ಅದಕ್ಯಾಕ ಇಷ್ಟು ಮಾತು," ಎಂದ. ಆ ವಾರವೇ ಫ್ಯಾನು ಬಂತು. ಅದನ್ನು ಶೆಡ್ಡಿನ ಪಕ್ಕದ ಅವನ ಆಫೀಸಿನಲ್ಲಿ ಕೂಡಿಸಿದರು.

ಕೆಲವು ತಿಂಗಳು ಹೀಗೇ ನಡೆಯಿತು. ಹೊಗೆ ಹಬ್ಬಿದಾಗ ಹೆಂಗಸರು ಶೆಟರಿನ ಕೆಳಗಿನ ಸಂದಿಗೆ ಮೂಗು ಹಚ್ಚಿ ಮಲಗುತ್ತಿದ್ದರು. ಆಮೇಲೆ ಒಂದು ಮಧ್ಯಾಹ್ನ ಉಂಡೆ ಸುಡುವ ಪಾಳಿ ಸಕೀನಾಳಿಗೆ ಬಂತು. ಸಾವಕಾರ ಬಹಳ ದಿನದ ಮಾಲನ್ನು ಕೂಡಿಟ್ಟಿದ್ದ, ಉಂಡೆ ಎಂದಿಗಿಂತ ದೊಡ್ಡದಿತ್ತು. ಹೊರಗೆ ಬೀಗ ಹಾಕಿ ಅಮೋಘಿ ಚಹಾ ಕುಡಿಯಲು ಹೋದ. ಸಕೀನಾ ಮೊದಲು ಕೆಮ್ಮಿದಳು, ಆಮೇಲೆ ಇಕ್ಕಳ ಕೆಳಗಿಟ್ಟು ಗೋಡೆಗೆ ಒರಗಿದಳು. ನೀಲಾ ಎರಡೂ ಕೈಯಿಂದ ಶೆಟರು ಬಡಿದಳು. ರುಕ್ಮವ್ವ ಕೆಂಡಕ್ಕೆ ನೀರು ಸುರಿದಳು. ಅದರಿಂದ ಹೊಗೆ ಇನ್ನಷ್ಟು ಎದ್ದಿತು.

ಬೀಗ ತೆಗೆದಾಗ ಅಮೋಘಿ ಮೂಗು ಮುಚ್ಚಿಕೊಂಡು ಒಳಗೆ ಬಂದ. ಒಲೆಯ ಹತ್ತಿರ ಹೋಗಿ ಇಕ್ಕಳದಿಂದ ಉಂಡೆಯನ್ನು ಎತ್ತಿ ಡಬ್ಬಿಗೆ ಹಾಕಿಕೊಂಡ. ಡಬ್ಬಿಯ ಮುಚ್ಚಳ ಭದ್ರವಾದ ಮೇಲೆ, "ಏನಾಗೇತಿ ಈಕಿಗೆ?" ಎಂದ.

ಸಕೀನಾಳ ಮಗ ರಿಜ್ವಾನ ತನ್ನ ಆಟೋ ತಂದ. ಆಸ್ಪತ್ರೆಯಲ್ಲಿ ಅವನು ಚೀಟಿ ಮಾಡಿಸಲು ಹೋದಾಗ ಡಾಕ್ಟರು, ಈಕೆ ಏನು ಕೆಲಸ ಮಾಡುತ್ತಾಳೆ ಎಂದು ಜೊತೆಗೆ ಬಂದಿದ್ದ ರುಕ್ಮವ್ವನನ್ನು ಕೇಳಿದರು. ಹಿಂದೆಯೇ ಬಂದಿದ್ದ ಅಮೋಘಿ ಉತ್ತರ ಕೊಟ್ಟ.

"ಕಸ ಗುಡಿಸ್ತಾಳ್ರಿ. ಬೀಡಿ ಸೇದೂ ಚಟ ಐತ್ರಿ."

ಡಾಕ್ಟರು ರುಕ್ಮವ್ವನ ಮುಖ ನೋಡಿದರು. ಸಕೀನಾ ಜನ್ಮದಲ್ಲಿ ಬೀಡಿ ಮುಟ್ಟಿದವಳಲ್ಲ. ಅಷ್ಟು ಹೇಳಲು ರುಕ್ಮವ್ವ ಬಾಯಿ ತೆರೆದಳು. ಅಮೋಘಿ ಅವಳನ್ನೇ ನೋಡುತ್ತಿದ್ದ. ಶೆಡ್ಡಿನ ಕೂಲಿ ಹೋದರೆ, ಮರಳಿ ಹೋಗಲು ಗಟಾರವೂ ಇಲ್ಲ. ಅವಳು ಬಾಯಿ ಮುಚ್ಚಿದಳು.

ಸಕೀನಾ ಆ ವಾರ ದಾಟಲಿಲ್ಲ. ಮಣ್ಣು ಕೊಟ್ಟ ದಿನ ರಾಜಾರಾಮ ಬಂದು ಹೋದ. "ಮ್ಯಾಲಿನವನ ಕರೆ ಬಂತಂದ್ರ ಯಾರೇನ್ ಮಾಡಾಕ ಬರತೈತಿ," ಎಂದ. ಒಂದು ಚೀಲ ಗೋಧಿ ಇಳಿಸಿದ. ಅವನು ಹೋದ ಮೇಲೆ ರಿಜ್ವಾನ ರುಕ್ಮವ್ವನ ಹತ್ತಿರ ಬಂದು ಕುಳಿತ.

"ಮೌಸಿ, ಅಮ್ಮಿ ಹ್ಯಾಂಗ ಹೋದ್ಲು ಅಂತ ನೀವು ಠಾಣೆದಾಗ ಹೇಳ್ತೀರೇನ್ರಿ?"

ರುಕ್ಮವ್ವ ಚೀಲದ ಬಾಯಿಂದ ಉದುರಿದ ಗೋಧಿ ಕಾಳನ್ನು ಆರಿಸತೊಡಗಿದಳು.

"ನಾ ಒಬ್ಬಾವನ ಹೋದ್ರ, ನೀ ಅಲ್ಲಿ ಇದ್ದೇನು ಅಂತ ಕೇಳ್ತಾರ."

"ಕೇಳ್ತಾರಪ್ಪ," ಎಂದಳು ಅವಳು. ಅಷ್ಟು ಹೇಳಿ ಎದ್ದು ಮನೆಗೆ ಹೋದಳು. ಉಣಲಿಕ್ಕೆ ಕುಳಿತು ರೊಟ್ಟಿಯನ್ನು ಹಾಗೇ ಸರಿಸಿಟ್ಟಳು. ಹಲ್ಲಿನ ಮೇಲೆ ತಪ್ಪು ಹಾಕೋಣವೆಂದರೆ, ರೊಟ್ಟಿಯನ್ನು ಅವಳು ಮೊದಲೇ ಸಾರಿನಲ್ಲಿ ನೆನೆಸಿದ್ದಳು.

ಮತ್ತೆ ಸುಡುವ ದಿನ ಬಂತು. ಕರಿ ಉಸುಕಿಗೆ ಪಾರಾ ಹಾಕಿ ತಿಕ್ಕಿದ್ದಾಗಿತ್ತು. ಇನ್ನು ಹಿಂಡಿ ಉಂಡೆ ಕಟ್ಟಬೇಕು. ಅಮೋಘಿ ಸಕೀನಾಳ ಇಕ್ಕಳವನ್ನು ನೀಲಾಳ ಮುಂದೆ ಇಟ್ಟ.

"ಇವತ್ತ ನೀ ಸುಡು."

ನೀಲಾ ಇಕ್ಕಳ ಮುಟ್ಟಲಿಲ್ಲ. "ಶೆಟರ್ ತಗದ ಇಡ್ರಿ," ಎಂದಳು.

"ಅದ ಆಗೂದಿಲ್ಲ."

"ಮನ್ಯಾಗ ಮೊಲಿ ಕುಡಿಯೂ ಕೂಸು ಐತ್ರಿ."

"ಹಂಗಾರ ಲಗೂನ ಸುಟ್ಟು ಹೋಗು."

ರುಕ್ಮವ್ವ ಟಾಕಿಯ ಹತ್ತಿರದಿಂದ ಎದ್ದಳು. ಮಂಡಿ ಹಿಡಿದಿತ್ತು, ಏಳುವುದು ಸ್ವಲ್ಪ ತಡವಾಯಿತು. ಪಾರಾ ತಿಕ್ಕಿದ ಉಸುಕಿನ ಸಮೇತ ಮರಗಿಯನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಅಮೋಘಿಯ ಪಕ್ಕದಿಂದಲೇ ಹೊರಗೆ ನಡೆದಳು. ಬೆಳಕಿನಲ್ಲಿ ಉಸುಕು ನೋಡಲು ಹೊರಟಿದ್ದಾಳೆ ಎಂದು ಅವನು ತಿಳಿದ. ಅವಳು ತೊಳೆಯದ ಕೆಸರಿನ ಗುಡ್ಡೆಯ ಮೇಲೆ ಮರಗಿಯನ್ನು ಬೋರಲು ಹಾಕಿದಳು. ಅಲ್ಲೇ ಬಿದ್ದಿದ್ದ ಸಲಿಕೆ ತಗೊಂಡು, ಹಿಟ್ಟು ಕಲಸುವ ಹಾಗೆ ಗುಡ್ಡೆಯನ್ನು ತಿರುವಿ ಹಾಕತೊಡಗಿದಳು.

ನೀಲಾ ತನ್ನ ಮರಗಿಯನ್ನೂ ತಂದು ಅಲ್ಲೇ ಸುರಿದಳು. ಆಮೇಲೆ ಉಳಿದವರೂ ತಂದರು. ಯಾರೂ ಯಾರಿಗೂ ಹೇಳಲಿಲ್ಲ.

ರಾಜಾರಾಮ ಆಫೀಸಿನಿಂದ ಚಪ್ಪಲಿ ಇಲ್ಲದೆ ಹೊರಗೆ ಬಂದ. "ಏನ್ ಮಾಡಾಕತ್ತೀಬೇ ರುಕ್ಮವ್ವ? ಅದರಾಗ ಬಂಗಾರ ಐತಿ."

"ಐತ್ರಿ ಯಪ್ಪಾ. ಎಲ್ಲೂ ಹೋಗಿಲ್ಲ, ನಿಮ್ಮ ಹೊಲಸಿನಾಗ ಐತಿ. ಆರಿಸ್ಕೋರಿ."

"ಪೊಲೀಸ್ರನ್ನ ಕರೀತೀನಿ."

"ನೀವ್ಯಾಕ ತ್ರಾಸ ತಗೋತೀರಿ. ನಾವ ಹೊಂಟೇವಿ."

ಅವಳು ನೀಲಾಳ ಮೊಬೈಲಿನಿಂದ ರಿಜ್ವಾನನಿಗೆ ಫೋನು ಹಚ್ಚಿಸಿದಳು. "ನಾ ಇದ್ದೆ ಅಂತ ಹೇಳ್ತೀನಿ ಬಾರಪ್ಪ," ಎಂದಳು. "ಆಸ್ಪತ್ರ್ಯಾಗ ಹೇಳಬೇಕಿತ್ತು. ಹೇಳಲಿಲ್ಲ." ಫೋನನ್ನು ನೀಲಾಳ ಕೈಗೆ ಕೊಟ್ಟು ತನ್ನ ಮರಗಿ ಎತ್ತಿಕೊಂಡಳು.

ಆಟೋ ಬಂತು. ಎಲ್ಲರೂ ಅದರಲ್ಲಿ ಹಿಡಿಯುವ ಹಾಗಿರಲಿಲ್ಲ. ಮರಗಿಗಳನ್ನು ಅದರಲ್ಲಿ ಒಟ್ಟಿ, ಹೆಂಗಸರು ಅದರ ಹಿಂದೆ ಸೊಲ್ಲಾಪುರ ರಸ್ತೆಗುಂಟ ಠಾಣೆಯ ಕಡೆಗೆ ನಡೆದರು. ಮೈತುಂಬ ಕೆಸರಿತ್ತು. ಗ್ಯಾರೇಜಿನವರು, ಟೈರಿನ ಅಂಗಡಿಯವರು ಬಾಗಿಲಿಗೆ ಬಂದು ನೋಡಿದರು. ರಿಜ್ವಾನ ಆಟೋವನ್ನು ಅವರ ನಡಿಗೆಯಷ್ಟೇ ನಿಧಾನಕ್ಕೆ ಓಡಿಸಿದ.

ಎದುರಿನಿಂದ ಸಾವಕಾರನ ಟ್ರ್ಯಾಕ್ಟರು ಗಟಾರದ ಕೆಸರು ತುಂಬಿಕೊಂಡು ಬಂತು. ಡ್ರೈವರು ಹಾರ್ನು ಹೊಡೆದ. ಹೆಂಗಸರು ಬದಿಗೆ ಸರಿಯಲಿಲ್ಲ. ಅವನು ಇನ್ನೊಮ್ಮೆ ಹೊಡೆದು, ಆಮೇಲೆ ಟ್ರ್ಯಾಕ್ಟರನ್ನೇ ರಸ್ತೆಯಿಂದ ಕೆಳಗೆ ಇಳಿಸಿದ.