ತುಟಿಯ ಮೇಲಿನ ತುಳಸಿ

“ಇದ್ರಾಗೆ ಕೆಟ್ಟಿರೋದಾದ್ರೂ ಏನಪ್ಪಾ?”

ಕದಿರಪ್ಪ ಕೇಳಿದ್ದು ಯಾರನ್ನೂ ಅಲ್ಲ. ಹೊಸೂರಿನ ಬಜಾರು ಬೀದಿಯ ಅವನ ಸ್ಟುಡಿಯೋದಲ್ಲಿ ಆಗ ನರಪಿಳ್ಳೆ ಇರಲಿಲ್ಲ. ಗೋಡೆಯಿಂದ ಗೋಡೆಗೆ ಕಟ್ಟಿದ್ದ ದಾರದಲ್ಲಿ ಒಂದೇ ಒಂದು ಪಟ ಒಣಗುತ್ತ ತೂಗುತ್ತಿತ್ತು. ಪಟದಲ್ಲಿದ್ದವರು ಬೇರಿಕೆಯ ತಿಮ್ಮರಾಯಪ್ಪನವರು. ಅವರೂ ಉತ್ತರ ಹೇಳಲಿಲ್ಲ. ತೊಡೆಯ ಮೇಲಿನ ಪುಸ್ತಕದಲ್ಲಿ ಕಣ್ಣು ನೆಟ್ಟು, ತುಟಿ ಬಿಗಿದು ಕೂತಿದ್ದರು.

ಬೆಳಕು ಚೆನ್ನಾಗಿ ಬಿದ್ದಿತ್ತು. ಶಾಲಿನ ಜರಿ ಎಣಿಸುವ ಹಾಗಿತ್ತು. ಆದರೂ ಕದಿರಪ್ಪನಿಗೆ ಆ ಪಟದ ಮುಂದೆ ನಿಂತಾಗಲೆಲ್ಲ, ಉಪ್ಪು ಹಾಕದ ಸಾರು ಉಂಡ ಹಾಗೆ ಆಗುತ್ತಿತ್ತು.

ತಿಮ್ಮರಾಯಪ್ಪನವರೆಂದರೆ ಬೇರಿಕೆಯ ರಾಮಮಂದಿರದ ಕಂಠ. ಕದಿರಪ್ಪ ತೊಟ್ಟಿಲಲ್ಲಿದ್ದಾಗಿನಿಂದಲೂ ಶ್ರಾವಣ ಬಂತೆಂದರೆ ಅವರು ಮಂದಿರದಲ್ಲಿ ಕೂತು ಪುರಾಣದ ಪದ್ಯಗಳನ್ನು ರಾಗವಾಗಿ ಹೇಳುವುದು, ಊರು ಕೂತು ಕೇಳುವುದು. ಈಚೆಗೆ ಗಂಟಲು ಒಡೆಯುತ್ತಿತ್ತು. “ಈ ಸಲದ ಪಟ್ಟಾಭಿಷೇಕಕ್ಕೆ ನಂದು ಮುಗೀತಪ್ಪ” ಎಂದು ಅವರೇ ಹೇಳಿಬಿಟ್ಟಿದ್ದರು. ಪುರಾಣ ಮುಗಿಯುವ ಆ ಪಟ್ಟಾಭಿಷೇಕದ ದಿನ ಅವರ ಪಟವನ್ನು ಮಂದಿರದಲ್ಲಿ ತೂಗುಹಾಕಬೇಕೆಂದು ಊರಿನವರು ತೀರ್ಮಾನಿಸಿ, ಊರಿನ ಮಗನಾದ ಕದಿರಪ್ಪನಿಗೇ ಆ ಕೆಲಸ ಒಪ್ಪಿಸಿದ್ದರು. ನಾಳೆ ಕಂಠ ನಿಂತ ಮೇಲೆ, ಹುಟ್ಟುವ ಮಕ್ಕಳಿಗೆ ತಿಮ್ಮರಾಯಪ್ಪ ಅಂದರೆ ಈ ಪಟವೇ. ಇನ್ನೊಂದು ತೆಗೆಯೋಣವೆಂದರೆ ಯುದ್ಧ ಶುರುವಾದ ಮೇಲೆ ಪಟ ಮೂಡುವ ವಿಲಾಯ್ತಿ ಗಾಜಿನ ಪ್ಲೇಟುಗಳು ಬರುವುದೇ ನಿಂತುಹೋಗಿತ್ತು. ಡಬ್ಬಿಯಲ್ಲಿ ಉಳಿದದ್ದು ಒಂದೇ ಪ್ಲೇಟು.

ಎಲ್ಲ ಸ್ಟುಡಿಯೋಗಳಲ್ಲಿ ಇರುವ ಹಾಗೆ ಗಾರೆಯ ಕಂಬ, ಕಾಗದದ ಹೂವು ಅವನಲ್ಲಿ ಇರಲಿಲ್ಲ. “ನಿಮ್ ನಿಮ್ ಮನೆ ಸಾಮಾನು ಏನಾದ್ರೂ ತಗೊಂಡ್ ಬನ್ನಿ, ಅದರ ಜೊತೇಲೇ ಕೂರುಸ್ತೀನಿ” ಎನ್ನುತ್ತಿದ್ದ. ಜನ ತರುತ್ತಿದ್ದರು. ಆದರೆ ತಮ್ಮ ಮನೆಯದನ್ನಲ್ಲ, ಬೀದಿಯಲ್ಲಿ ಯಾರ ಮನೆಯದು ಚೆನ್ನಾಗಿದೆಯೋ ಅದನ್ನು! ಒಂದೇ ಬೆಳ್ಳಿ ಹಿಡಿಯ ಕೊಡೆ ಮೂರು ಮನೆಯವರ ಪಟದಲ್ಲಿ ಬಂದಿತ್ತು. ಪಟಕ್ಕೆ ಕೂರುವುದೆಂದರೆ ಮದುವೆಗೆ ಹೋದ ಹಾಗೆ, ಇರುವ ಹಾಗೆ ಹೋಗುವುದುಂಟೆ? ಕದಿರಪ್ಪ ಏನೂ ಅನ್ನುತ್ತಿರಲಿಲ್ಲ. ಹುಡುಗಿಯ ಮುಖದ ಸಿಡುಬಿನ ಕಲೆ, ಸಾಹುಕಾರರ ಕೆನ್ನೆಯ ಸುಕ್ಕು, ಯಾವುದನ್ನಾದರೂ ಸೀಸದ ಕಡ್ಡಿಯಿಂದ ಪ್ಲೇಟಿನ ಮೇಲೆ ನಯವಾಗಿ ತಿದ್ದಿ ಕೊಡುತ್ತಿದ್ದ. ಅಳಿಸು ಅಂದವರಿಗೆ ಅವನು ಇಲ್ಲ ಅಂದದ್ದೇ ಇಲ್ಲ.

ಪಕ್ಕದಂಗಡಿಯ ದರ್ಜಿ ಮುನಿಶಾಮಿಯನ್ನು ಕರೆದು ಪಟ ತೋರಿಸಿದ.

“ಐತೆ ಬಿಡಣ್ಣ” ಎಂದ ಮುನಿಶಾಮಿ.

“ಐತೆ ಅಂದ್ರೆ ಏನ್ಲಾ? ಚೆನ್ನಾಗೈತೋ ಕೆಟ್ಟೈತೋ ಬಾಯ್ಬಿಟ್ಟು ಹೇಳು.”

“ಬದುಕಿರೋರ ಪಟನ ಕೆಟ್ಟೈತೆ ಅಂತ ಯಾರಾದ್ರೂ ಬಾಯಲ್ಲಿ ಆಡ್ತಾರಾ? ಆಯಸ್ಸಿಗೆ ಕೆಟ್ಟದ್ದು. ಚೆನ್ನಾಗೈತೆ ಅಂದ್ರೆ ದೃಷ್ಟಿ. ಅದ್ಕೇ ಐತೆ ಅಂದೆ. ಐತೆ ತಾನೆ?”

ಅಲ್ಲಿಗೆ ಮುಗಿಯಿತು. ಇದು ಮುನಿಶಾಮಿಯೊಬ್ಬನ ಮಾತಲ್ಲ, ಆ ಸೀಮೆಯ ಮಾತೇ ಹಾಗೆ. ಸ್ಟುಡಿಯೋ ಇಟ್ಟಾಗಿನಿಂದ ಕದಿರಪ್ಪನಿಗೆ ಸಿಕ್ಕಿದ್ದ ವಿಮರ್ಶೆಯೆಲ್ಲ ಆ ಒಂದು ‘ಐತೆ ಬಿಡು’.

ಮಾರನೆಯ ದಿನ ಇದ್ದಲಿನ ಹೊಗೆ ಕಾರುವ ಬಸ್ಸಿನಲ್ಲಿ ಕೂತು ಬೇರಿಕೆಗೆ ಹೋದ. ತಿಮ್ಮರಾಯಪ್ಪನವರು ಮನೆಯ ಜಗಲಿಯ ಮೇಲೆ ಜೀರಿಗೆ ಕಷಾಯ ಕುಡಿಯುತ್ತಿದ್ದರು. ಪಟವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಚೆನ್ನಾಗಿ ಬಿದ್ದೈತೆ ಕಣಪ್ಪ. ಯಾರೋ ದೊಡ್ಡ ಮನುಷ್ಯರಂಗೆ ಐತೆ” ಎಂದರು. ಎರವಲು ತಂದ ಪಾತ್ರೆಯನ್ನು ಹಿಂತಿರುಗಿಸುವವರ ಹಾಗೆ ಎರಡೂ ಕೈಯಿಂದ ಪಟವನ್ನು ವಾಪಸು ಕೊಟ್ಟರು.

“ನಿಮ್ ಕಳೇನೇ ಹಂಗೈತೆ ತಾತ” ಎಂದ ಕದಿರಪ್ಪ. ಅಂದ ಮೇಲೆ ನಾಲಿಗೆ ಕಹಿಯಾಯಿತು.

ಅಷ್ಟರಲ್ಲಿ ಮಂದಿರದ ಯಜಮಾನ ವೆಂಕಟರಮಣಪ್ಪ ಬಂದರು. ಪಟಕ್ಕಾಗಿ ಜರಿ ಶಾಲನ್ನೂ ಜೇಬಿನ ಗಡಿಯಾರವನ್ನೂ ಕೊಟ್ಟು ಕಳಿಸಿದ್ದವರು ಅವರೇ. ಒಳ್ಳೆಯ ಮನುಷ್ಯರು, ತಿಮ್ಮರಾಯಪ್ಪನವರೆಂದರೆ ಪ್ರಾಣ. “ಆಹಾಹಾ! ನನ್ ಗಡಿಯಾರ ನೋಡ್ಲಾ ಕದಿರಾ, ಮುಳ್ಳು ಸೈತ ಕಾಣ್ತಾವೆ! ನಾಲ್ಕೂ ಕಾಲು! ಇದಕ್ಕೇ ಕಟ್ಟು ಹಾಕ್ಸಿಬಿಡು” ಎಂದು ಕದಿರಪ್ಪನ ಬೆನ್ನು ತಟ್ಟಿ ಹೋದರು.

ಬೆನ್ನು ತಟ್ಟಿಸಿಕೊಂಡವನು ಬಾಡಿದ ಮುಖ ಹೊತ್ತು ಮಂದಿರಕ್ಕೆ ಬಂದ. ಮಧ್ಯಾಹ್ನದ ಹೊತ್ತು. ಒಳಗೆ ಅವನ ದೊಡ್ಡಮ್ಮ ನರಸಮ್ಮ ಒಬ್ಬಳೇ ಕಂಬಕ್ಕೆ ಒರಗಿ ತುಳಸಿ ಮಾಲೆ ಕಟ್ಟುತ್ತಿದ್ದಳು. ಗಂಡ ಹೋದ ಮೇಲೆ ಅವಳಿಗೆ ಆ ಕಂಬದ ಬುಡವೇ ಮನೆ. ಮಾತು ಕಡಿಮೆ. ಓದು ಬರಹ ಇಲ್ಲ. ಆದರೆ ಕೇಳಿ ಕೇಳಿ ತಿಮ್ಮರಾಯಪ್ಪನವರ ಪದ್ಯಗಳೆಲ್ಲ ಅವಳ ಕಿವಿಯಲ್ಲಿ ಕೂತಿದ್ದವು.

ಆ ಮಂದಿರದಲ್ಲಿ ಒಂದು ಪದ್ಧತಿ. ಹೇಳುವವರು ಪದ್ಯದಲ್ಲಿ ತಪ್ಪಿದರೆ ಕೇಳುವವರು ಬಾಯಿ ಬಿಡಬಾರದು. ಬಟ್ಟೆ ಸುತ್ತಿ ಪೀಠದ ಮೇಲೆ ಇಟ್ಟ ಪುಸ್ತಕದ ಮೇಲೆ ಸದ್ದಿಲ್ಲದೆ ಒಂದು ತುಳಸಿ ದಳ ಇಡಬೇಕು. ಅದನ್ನು ಕಂಡು ಅವರು ಆ ಪದ್ಯಕ್ಕೆ ಮರಳಿ ಹೋಗಿ ಸರಿಯಾಗಿ ಹೇಳುತ್ತಾರೆ. ಕೊನೆಗೆ ಮಂಗಳಾರತಿಯಾದ ಮೇಲೆ ಆ ದಳವನ್ನು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಳ್ಳುತ್ತಾರೆ. ತಪ್ಪು ಪ್ರಸಾದವಾಗಿ ಹೋಗುತ್ತದೆ. ದಳ ಇಡುವವಳು ಬಹಳ ವರ್ಷದಿಂದ ನರಸಮ್ಮನೇ.

ಕದಿರಪ್ಪ ಅವಳ ಮುಂದೆ ಪೀಠ ಎಳೆದು, ಮೇಲಿದ್ದ ಪುಸ್ತಕವನ್ನು ಪಕ್ಕಕ್ಕಿಟ್ಟು, ಅಲ್ಲಿ ಪಟ ಇಟ್ಟ. “ದೊಡ್ಡಮ್ಮ, ನೀನಾದ್ರೂ ಹೇಳು. ಇದ್ರಾಗೆ ಏನು ತಪ್ಪೈತೆ?”

“ಬದುಕಿರೋರ ಪಟ ಕಣಪ್ಪ. ಆಡಬಾರದು.”

“ಬಾಯಲ್ಲಿ ಆಡ್ಬೇಡ” ಎಂದ ಕದಿರಪ್ಪ. ಅವಳ ಮಡಿಲಿನ ತುಳಸಿ ಬುಟ್ಟಿ ನೋಡಿ ಅವನಿಗೆ ಹೊಳೆದಿತ್ತು. “ಪದ್ಯಕ್ಕೆ ಇಟ್ಟಂಗೆ ಇಡು. ಎಲ್ಲಿ ತಪ್ಪೈತೋ ಅಲ್ಲಿ.”

ನರಸಮ್ಮ ಅವನನ್ನು ನೋಡಿದಳು, ಪಟವನ್ನು ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಬುಟ್ಟಿಯಿಂದ ಒಂದು ದಳ ಎತ್ತಿ ಗಡಿಯಾರದ ಮೇಲೆ ಇಟ್ಟಳು.

“ಅದು ಸರಿ” ಎಂದ ಕದಿರಪ್ಪ. “ಅದು ಅವರದ್ದಲ್ಲ.”

ಎರಡನೆಯ ದಳ ಶಾಲಿನ ಮೇಲೆ. ಮೂರನೆಯದು ತೊಡೆಯ ಮೇಲೆ ತೆರೆದಿದ್ದ ಪುಸ್ತಕದ ಮೇಲೆ.

“ಪುಸ್ತಕ ಅವರದ್ದೇ ಅಲ್ವಾ ದೊಡ್ಡಮ್ಮ? ಅವರಪ್ಪನ ಕಾಲದ್ದು!”

ಅವಳು ಪೀಠದ ಪಕ್ಕದಲ್ಲಿ ಇದ್ದ, ಕೆಂಪು ಬಟ್ಟೆ ಸುತ್ತಿ ಗಂಟು ಹಾಕಿದ ಪುಸ್ತಕವನ್ನು ಕಣ್ಣಿನಲ್ಲೇ ತೋರಿಸಿದಳು. ಹೌದಲ್ಲ! ಮಂದಿರದಲ್ಲಿ ಆ ಗಂಟು ಬಿಚ್ಚಿದ್ದನ್ನು ಕದಿರಪ್ಪನೂ ಕಂಡಿರಲಿಲ್ಲ. ತಾತ ಪುಸ್ತಕ ನೋಡಿ ಹೇಳುವವರೇ ಅಲ್ಲ. ಕಟ್ಟಿದ ಪುಸ್ತಕದ ಮೇಲೆ ಒಂದು ಕೈ ಊರಿ, ಇನ್ನೊಂದು ಕೈ ಕಿವಿಗೆ ಕೊಟ್ಟು, ಜನರ ಕಡೆ ಮುಖ ಎತ್ತಿ ಹೇಳುವವರು. ಸ್ಟುಡಿಯೋದಲ್ಲಿ ಅದನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟು, ಕಣ್ಣು ಕೆಳಗೆ ಮಾಡಿ ಎಂದಿದ್ದವನು ತಾನೇ.

ನರಸಮ್ಮನ ಕೈ ಇನ್ನೂ ನಿಂತಿರಲಿಲ್ಲ. ಕೊನೆಯ ದಳ ಎತ್ತಿ, ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದು, ತಿಮ್ಮರಾಯಪ್ಪನವರ ಮುಚ್ಚಿದ ತುಟಿಯ ಮೇಲೆ ಇಟ್ಟಳು.

ಕದಿರಪ್ಪನಿಗೆ ರೇಗಿತು. “ಬಾಯಿ ಬಿಟ್ರೆ ಪಟ ಬೀಳಲ್ಲ ದೊಡ್ಡಮ್ಮ! ಮಾತಾಡೋವಾಗ ಮುಖ ಅಲುಗ್ತದೆ. ಅಲುಗಿದ್ರೆ ಮೂರು ಮೂಗು ಬಂದು ದೆವ್ವದಂಗೆ ಬೀಳ್ತದೆ. ನಿಂಗೇನು ಗೊತ್ತು ಪ್ಲೇಟಿನ ಕಷ್ಟ?”

“ನಾನೇನಾದ್ರೂ ಅಂದ್ನಾ?” ಎಂದಳು ನರಸಮ್ಮ, ಮಾಲೆಯ ದಾರ ಮತ್ತೆ ಹಿಡಿದು. “ಎಲೆ ಇಟ್ಟೆ, ಅಷ್ಟೆ.”

ಬಾಗಿಲಲ್ಲಿ ಯಾರೋ ಕೆಮ್ಮಿದರು. ತಿಮ್ಮರಾಯಪ್ಪನವರು. ಕದಿರಪ್ಪ ಪಟ ಮುಚ್ಚಲು ಕೈ ಚಾಚಿದ, ಹೊತ್ತು ಮೀರಿತ್ತು. ಮುದುಕರು ಪೀಠದ ಮುಂದೆ ಕೂತು ಬಾಗಿ ನೋಡಿದರು. ಗಡಿಯಾರ ಇಲ್ಲ, ಶಾಲು ಇಲ್ಲ, ಬಾಯಿ ಇಲ್ಲ. ಮೂಗೂ ಮೀಸೆಯೂ ತುಳಸಿಯ ನಡುವೆ ಉಳಿದಿದ್ದವು. ಅವರ ಹೊಟ್ಟೆ ಕುಲುಕತೊಡಗಿತು. ಆಮೇಲೆ ಸದ್ದು ಬಂತು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

“ಅಬ್ಬಾ! ಬದುಕಿದೆ ಕಣಮ್ಮ ನರಸಮ್ಮ” ಎಂದರು. “ಬೆಳಿಗ್ಗೆ ಇದನ್ನ ನೋಡ್ದಾಗ್ಲಿಂದ, ಸತ್ ಮೇಲೆ ಇವನ ಜೊತೆ ಗೋಡೆ ಮೇಲೆ ನಾನೆಂಗೆ ಇರ್ಲಪ್ಪಾ ಅಂತ ಯೋಚ್ನೆ ಆಗ್ಬುಟ್ಟಿತ್ತು. ಇವ ಯಾರೋ ರಿಜಿಸ್ಟ್ರಾರು ಆಫೀಸ್ನೋನು!”

“ಮತ್ತೆ ಚೆನ್ನಾಗೈತೆ ಅಂದ್ರಿ?”

“ನೀ ಅಷ್ಟು ಆಸೆಯಿಂದ ತಂದಿದ್ದೆ. ನಿನ್ ಮನಸ್ಸು ನೋಯ್ತದೆ ಅಂತ ಅಂದೆ. ನಿಂಗೆ ಹೆಂಗೆ ಕಾಣ್ತು?”

“ನಂಗೂ ಸರಿ ಕಾಣ್ಲಿಲ್ಲ ತಾತ. ನಿಮಗೆ ಬೇಜಾರಾಗ್ತದೆ ಅಂತ ಸುಮ್ಕಿದ್ದೆ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ತಿಮ್ಮರಾಯಪ್ಪನವರು ಪಟದ ಮೇಲಿನ ದಳಗಳನ್ನು ಒಂದೊಂದಾಗಿ ಎತ್ತಿದರು. ಬಾಯಿಗೆ ಹಾಕಿಕೊಳ್ಳಲು ಹೋದವರು ತಡೆದು, ಕದಿರಪ್ಪನ ಕಡೆ ಚಾಚಿದರು. “ಇವು ನಿನ್ನವು. ತಗೋ.”

ಕದಿರಪ್ಪ ಕಣ್ಣಿಗೊತ್ತಿಕೊಂಡು ಅಗಿದ. ಖಾರವಾದ ತಂಪು ಗಂಟಲಿಗೆ ಇಳಿಯಿತು. ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದ ‘ಐತೆ ಬಿಡು’ ಎಂಬ ಕಲ್ಲು ಎದ್ದು ಹೋದ ಹಾಗೆ ಹಗುರಾದ.

ಆದರೆ ತುಟಿಯ ಮೇಲಿನ ದಳಕ್ಕೆ ಏನು ಮಾಡುವುದು? ಇರುವುದು ಒಂದೇ ಪ್ಲೇಟು. ಬಾಯಿ ಮುಚ್ಚಿಸಿದರೆ ಅದೇ ರಿಜಿಸ್ಟ್ರಾರು, ತೆರೆಸಿದರೆ ಮೂರು ಮೂಗು. ಸಂಜೆ ಪದ್ಯ ಶುರುವಾದಾಗ ಕದಿರಪ್ಪ ಕೇಳಲಿಲ್ಲ, ನೋಡಿದ. ಪದ್ಯ ಓಡುವಾಗ ತಾತನ ತಲೆ, ಭುಜ, ಹುಬ್ಬು ಎಲ್ಲ ಓಡುತ್ತಿದ್ದವು. ಕೊನೆಯ ಸಾಲು ಮುಗಿದು, ಕೊನೆಯ ಅಕ್ಷರದ ಮೇಲೆ ರಾಗ ನೀಳವಾಗಿ ನಿಂತಿತು. ಆಗ ತಾತನೂ ನಿಂತರು. ಬಾಯಿ ತೆರೆದೇ ಇತ್ತು. ಕೈ ಕಿವಿಯ ಬಳಿ, ಕಣ್ಣು ಸೂರಿನಾಚೆ. ಗಾಳಿಯಿಲ್ಲದ ಗರ್ಭಗುಡಿಯ ದೀಪದ ಹಾಗೆ ಒಂದು ರೆಪ್ಪೆಯೂ ಅಲುಗಲಿಲ್ಲ. ರಾಗ ಇಳಿಯುವ ತನಕ ಅಲುಗಲಿಲ್ಲ.

ಕದಿರಪ್ಪ ಕೂತಲ್ಲೇ ಕೈ ಮುಗಿದ.

ಮರುದಿನ ಸ್ಟುಡಿಯೋದಿಂದ ಮಂದಿರಕ್ಕೆ ಕ್ಯಾಮೆರಾ ಬಂತು. ಬಾಗಿಲ ಬೆಳಕು ಬೀಳುವಲ್ಲಿ ಮುಕ್ಕಾಲಿ ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. ಗಾಜಿನಲ್ಲಿ ತಾತ ತಲೆಕೆಳಗಾಗಿ ಕೂತಿದ್ದರು. ಶಾಲಿಲ್ಲ, ದಿನದ ಪಂಚೆ, ಹೆಗಲಿಗೆ ಒಗೆದ ವಸ್ತ್ರ. ಮುಂದೆ ಪೀಠ, ಕೆಂಪು ಬಟ್ಟೆಯ ಪುಸ್ತಕ, ಕಷಾಯದ ಕಂಚಿನ ಲೋಟ. ಕಂಬದ ಬುಡದಲ್ಲಿ, ಪಟಕ್ಕೆ ಸಿಗದ ಹಾಗೆ, ನರಸಮ್ಮ.

“ಪಟ ಅಂದ್ಕೋಬೇಡಿ ತಾತ. ದೊಡ್ಡಮ್ಮಂಗೆ ಹೇಳಿ.”

ತಾತ ಹೇಳತೊಡಗಿದರು. ವನವಾಸ ಮುಗಿಸಿ ಊರಿಗೆ ಮರಳುವವರನ್ನು ದೂರದಿಂದ ಕಂಡ ಜನರ ಪದ್ಯ. ಎರಡನೆಯ ಸಾಲಿನಲ್ಲಿ ಒಂದು ಮಾತು ಹಿಂದುಮುಂದಾಯಿತು. ನರಸಮ್ಮ ಪಟವನ್ನು ಮರೆತಿದ್ದಳು, ಕ್ಯಾಮೆರಾವನ್ನು ಮರೆತಿದ್ದಳು. ಕೈ ತಾನಾಗಿ ಮುಂದೆ ಬಂದು ಕೆಂಪು ಬಟ್ಟೆಯ ಮೇಲೆ ದಳ ಇಟ್ಟು ಹಿಂದೆ ಹೋಯಿತು. ತಾತ ದಳ ನೋಡಿದರು, ನಸುನಕ್ಕರು, ಪದ್ಯದ ತಲೆಗೆ ಹೋಗಿ ಮತ್ತೆ ಬಂದರು. ಕೊನೆಯ ಸಾಲು. ಕೊನೆಯ ಅಕ್ಷರ. ರಾಗ ನಿಂತಿತು.

ಕದಿರಪ್ಪ ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದ.

ದೇವರೇ, ಈ ಗಂಟಲು ಒಡೆಯದಿರಲಿ. ಕೆಮ್ಮು ಬರದಿರಲಿ. ತನ್ನ ಉಸಿರನ್ನೂ ಹಿಡಿದು ನಿಂತ. ರಾಗ ತೆಳ್ಳಗಾಯಿತು, ದಾರದಷ್ಟಾಯಿತು, ಆದರೂ ಹರಿಯಲಿಲ್ಲ. ಮುಚ್ಚಳ ಹಾಕಿದ. ತಕ್ಷಣ ತಾತ ಕೆಮ್ಮಿದರು, ಕೆಮ್ಮಿ ಕೆಮ್ಮಿ ಕಷಾಯಕ್ಕೆ ಕೈ ಚಾಚಿದರು. ಆ ಕೆಮ್ಮಿನಷ್ಟು ಇಂಪಾದ ಸದ್ದನ್ನು ಕದಿರಪ್ಪ ಈವರೆಗೆ ಕೇಳಿರಲಿಲ್ಲ.

ಪಟ್ಟಾಭಿಷೇಕದ ಬೆಳಿಗ್ಗೆ, ಕಟ್ಟು ಹಾಕಿಸುವ ಮುಂಚೆ, ಹೊಸ ಪಟ ಪೀಠದ ಮೇಲೆ ಬಂತು. ತಾತ ಬಹಳ ಹೊತ್ತು ನೋಡಿದರು. “ಇವ ನಾನೇ” ಎಂದರು. ನರಸಮ್ಮ ಬುಟ್ಟಿ ಹಿಡಿದು ಬಂದಳು. ಅವಳು ಮೂಲೆ ಮೂಲೆ ನೋಡಿ, ಬುಟ್ಟಿಯ ಮೇಲೆ ಸೆರಗು ಎಳೆದು, ತನ್ನ ಕಂಬಕ್ಕೆ ಹೋಗಿ ಕೂತಳು.

ವೆಂಕಟರಮಣಪ್ಪನವರಿಗೆ ಗಡಿಯಾರ ಇಲ್ಲದ್ದು ಕೊಂಚ ನೋವಾಯಿತು. ಆದರೆ ಮುಖ ನೋಡಿ ಅವರೂ ಕರಗಿದರು. “ಕೂಗಿದ್ರೆ ಓ ಅಂತಾನೆ ಕಣಯ್ಯ ಮುದ್ಕ!” ಎಂದರು. ಆಮೇಲೆ ಪಟದ ಹತ್ತಿರ ಬಾಗಿ ಹುಬ್ಬು ಗಂಟಿಕ್ಕಿದರು.

“ಏನ್ಲಾ ಇದು, ಪುಸ್ತಕದ ಮ್ಯಾಲೆ? ಎಲೆ! ಎಲ್ಲರಿಗೂ ಗೊತ್ತೈತೆ ಎಲೆ ಅಂದ್ರೆ ಏನೂಂತ. ಅವರು ತಪ್ಪು ಹೇಳಿದ್ದನ್ನ ಗೋಡೆ ಮ್ಯಾಲೆ ಶಾಶ್ವತ ಮಾಡ್ತೀಯಾ? ಮೊಮ್ಮಕ್ಕಳು ನೋಡೋ ಪಟ ಇದು. ನೀ ಹೆಣ್ಮಕ್ಕಳ ಸಿಡುಬಿನ ಕಲೇನೇ ಅಳಿಸೋನು, ಒಂದೆಲೆ ದೊಡ್ಡದಾ? ಪ್ಲೇಟಿನ ಮ್ಯಾಲೆ ಸೀಸದ ಕಡ್ಡಿ ಆಡ್ಸಿ ಅಳಿಸಿಬಿಡು, ಇನ್ನೊಂದು ಪಟ ಹಾಕು. ನಾನ್ ಕೇಳ್ತಿದ್ದೀನಿ, ಕದಿರಾ.”

ಕದಿರಪ್ಪ ತಾತನ ಕಡೆ ನೋಡಿದ. ಅವರು ಕಂಚಿನ ಲೋಟ ಎತ್ತಿ ನಿಧಾನವಾಗಿ ಕಷಾಯ ಕುಡಿಯುತ್ತಿದ್ದರು, ನಿನ್ನ ಕೆಲಸ ನಿನ್ನದು ಎಂಬ ಹಾಗೆ. ಕಂಬದ ಬುಡದಲ್ಲಿ ನರಸಮ್ಮನ ಕೈಯ ಮಾಲೆಯ ದಾರ ನಿಂತಿತ್ತು. ಕದಿರಪ್ಪ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಸೀಸದ ಕಡ್ಡಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ.

“ಇಲ್ಲ ಯಜಮಾನ್ರೇ” ಎಂದ. “ಅದನ್ನ ಮಾತ್ರ ನಾನು ಅಳಿಸಲ್ಲ.”