ಆಚೆ ತುದಿ

ಬಲಗಾಲಿಗೆ ಎಣ್ಣೆ ತಿಕ್ಕಿ ಮುಗಿಸಿ ಅವಳು ಅತ್ತೆಯ ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಪಾದದ ಮೇಲೆ ಹೆಬ್ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮನೆಯಲ್ಲೇ ಇರುವವರಿಗೆ ಕಾಲು ಇಷ್ಟೊಂದು ಯಾಕೆ ಬಾತುಕೊಳ್ಳುತ್ತದೆ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗುತ್ತಿದ್ದಳು.

ತಿಂಡಿ ತಿನ್ನಿಸಿ, ನೀರಿನ ಲೋಟವನ್ನು ಕೈಗೆಟುಕುವಲ್ಲಿಟ್ಟು, ಗ್ಯಾಸ್ ಬಂದ್ ಮಾಡಿ, ಕೊನೆಗೆ ಹಳೆಯ ಬೆಡ್‌ಶೀಟುಗಳ ಗುಡ್ಡೆಯನ್ನು ಮಂಚದ ಮೇಲೆ ಹಾಕಿದಳು. ಇಷ್ಟನ್ನೂ ಮಡಚಿಡಿ ಅತ್ತೆ ಎಂದಳು. ಮುದುಕಿಯ ಮುಖ ಅರಳಿತು. ಮಗನ ಹೆಸರು, ಸೊಸೆಯ ಹೆಸರು, ಬಚ್ಚಲಿನ ದಾರಿ ಎಲ್ಲ ಮರೆತುಹೋಗಿದ್ದರೂ ಮಡಚುವ ಮಾತು ಕಿವಿಗೆ ಬಿದ್ದರೆ ಅವರ ಕಣ್ಣಿಗೆ ಜೀವ ಬರುತ್ತಿತ್ತು. ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅರ್ಧ ಆಯಸ್ಸು ಸವೆಸಿದವರು. ಸೊಸೆಯನ್ನೂ ಅಲ್ಲಿಗೆ ಸೇರಿಸಿ, ತನ್ನ ಎದುರಿಗೆ ಜೋಡಿಯಾಗಿ ನಿಲ್ಲಿಸಿಕೊಂಡು ಕೆಲಸ ಕಲಿಸಿದವರು.

ಪ್ರತಿ ಸಂಜೆ ಬಂದಾಗ ಅತ್ತೆ ಮಂಚದ ಮೇಲೆ ಮಲಗಿಬಿಟ್ಟಿರುತ್ತಿದ್ದರು, ಗುಡ್ಡೆ ಬಿಚ್ಚಿದಂತೆಯೇ ಇರುತ್ತಿತ್ತು. ಮಡಚಿದ್ದನ್ನು ಮತ್ತೆ ಮತ್ತೆ ಬಿಚ್ಚುತ್ತಾರೇನೋ, ಹೊತ್ತಾದರೂ ಹೋಗುತ್ತದಲ್ಲ ಎಂದುಕೊಂಡಿದ್ದಳು. ಬಾಗಿಲೆಳೆದು ಹೊರಗಿನಿಂದ ಬೀಗ ಹಾಕಿದಳು.

ಲಾಂಡ್ರಿಯಲ್ಲಿ ಅವಳ ಈಗಿನ ಜೋಡಿ ಗಿಳಿ. ಬಾಯಿ ಮುಚ್ಚದವಳಿಗೆ ಎಲ್ಲರೂ ಇಟ್ಟ ಹೆಸರು ಅದು. ಶೀಟಿನ ಈಚೆಯ ಎರಡು ಮೂಲೆ ಒಬ್ಬಳ ಕೈಲಿ, ಆಚೆಯ ಎರಡು ಇನ್ನೊಬ್ಬಳ ಕೈಲಿ. ಕೊಡವಿ, ಬಿಗಿ ಹಿಡಿದು, ಒಬ್ಬಳು ನಡೆದು ಬಂದು ಇನ್ನೊಬ್ಬಳ ಕೈಗೆ ಮೂಲೆ ಒಪ್ಪಿಸಬೇಕು. ಎದುರಿನವಳು ಬರುವ ತನಕ ಬಿಡುವಂತಿಲ್ಲ. ನೆಲ ಮುಟ್ಟಿದ ಶೀಟು ಮತ್ತೆ ಒಗೆತಕ್ಕೆ ಹೋಗುತ್ತದೆ, ಬೈಗುಳ ಇಬ್ಬರಿಗೂ ಬೀಳುತ್ತದೆ.

ಹೋದ ತಿಂಗಳು ಆಫೀಸಿನ ಮೇಡಂ ಎಲ್ಲರನ್ನೂ ಸೇರಿಸಿ ಹೊಸ ಸವಲತ್ತು ಹೇಳಿದ್ದರು. ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರು ಮಧ್ಯಾಹ್ನ ಎರಡು ತಾಸು ಮನೆಗೆ ಹೋಗಿ ಬರಬಹುದು, ಸಂಬಳ ಹಿಡಿಯುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಡಚುವ ಮೇಜಿನಲ್ಲಿದ್ದ, ಎತ್ತರಕ್ಕಾಗಿ ಎಲ್ಲರೂ ಉದ್ದಕ್ಕ ಎಂದು ಕರೆಯುತ್ತಿದ್ದವಳು ಮಾರನೆಯ ದಿನವೇ ತನ್ನ ಅಪ್ಪನನ್ನು ನೋಡಲು ಹೋದಳು. ಜೋಡಿಗೆ ದಿನಕ್ಕಿಷ್ಟು ಶೀಟು ಎಂದು ಕಟ್ಟಿದ ಲೆಕ್ಕವನ್ನು ಯಾರೂ ಇಳಿಸಿರಲಿಲ್ಲ. ಅವಳ ಜೋಡಿ ಬರಿಗೈಯಲ್ಲಿ ನಿಂತು, ಆಮೇಲೆ ಕತ್ತು ಮುರಿದುಕೊಂಡು ದುಡಿದು, ವಾರದೊಳಗೆ ಅವಳ ಜೊತೆ ಮಾತು ಬಿಟ್ಟಳು. ಉದ್ದಕ್ಕ ಹೋಗುವುದನ್ನು ನಿಲ್ಲಿಸಿದಳು.

"ವರ ಕೊಟ್ಟಿದ್ದು ದೇವ್ರು, ಹರಕೆ ತೀರ್ಸೋದು ನಾವು," ಗಿಳಿ ಇವತ್ತೂ ಅದನ್ನೇ ಎತ್ತಿದಳು. ಆಮೇಲೆ ದನಿ ತಗ್ಗಿಸಿ, "ನೀನೂ ಹೊರಟುಬಿಟ್ಟೀಯ ಮತ್ತೆ. ನಾನು ಯಾರ ಮುಖ ನೋಡ್ಕೊಂಡು ನಿಂತ್ಕೊಳ್ಳಲಿ?"

ಅವಳು ನಕ್ಕು ಮೂಲೆ ಒಪ್ಪಿಸಿದಳು.

ಒಬ್ಬೊಬ್ಬರೇ ಮಾಡುವ ಕೆಲಸ ಅಲ್ಲಿ ಒಂದೇ ಇತ್ತು, ಕೊಳೆ ಕೋಣೆಯದು. ಆಸ್ಪತ್ರೆಯಿಂದ ಬಂದ ಗಂಟುಗಳನ್ನು ಬಿಚ್ಚಿ, ರಕ್ತದ್ದು, ಕೀವಿನದ್ದು, ಮಲದ್ದು ಬೇರೆ ಬೇರೆ ಮಾಡಿ, ನಡುವೆ ಸಿಕ್ಕಿಕೊಂಡ ಸೂಜಿ ಹುಡುಕಬೇಕು. ಗಂಟು ಕಾಯುತ್ತದೆ, ಯಾರನ್ನೂ ದೂರುವುದಿಲ್ಲ. ತಪ್ಪು ಮಾಡಿದವರನ್ನು ಅಲ್ಲಿಗೆ ಹಾಕುತ್ತಿದ್ದರು. ಹೋದವರನ್ನು ಮತ್ತೆ ಬಿಳಿ ಬಟ್ಟೆ ಮುಟ್ಟಲು ಕರೆದದ್ದಿಲ್ಲ. ಉಗುರನ್ನು ಬುಡಕ್ಕೆ ಕತ್ತರಿಸಿಕೊಂಡಿರಬೇಕು, ಆದರೂ ವಾಸನೆ ಊಟದ ತಟ್ಟೆಯ ತನಕ ಬರುತ್ತದಂತೆ.

ಮಧ್ಯಾಹ್ನಕ್ಕೆ ಮುಂಚೆ ಬಾಯ್ಲರ್ ಕೆಟ್ಟಿತು. ರಿಪೇರಿಯವನು ಬರುವುದು ನಾಳೆಯೇ ಎಂದಾಗ ಎಲ್ಲರನ್ನೂ ಮನೆಗೆ ಕಳಿಸಿದರು.

ಬೀಗ ತೆಗೆದು ಬಾಗಿಲು ನೂಕಿದಳು. ಅತ್ತೆ ಕೋಣೆಯ ನಡುವೆ ನಿಂತಿದ್ದರು. ಶೀಟಿನ ಎರಡು ಮೂಲೆಗಳನ್ನು ಎದೆಯೆತ್ತರಕ್ಕೆ ಹಿಡಿದಿದ್ದರು. ಆಚೆಯ ತುದಿ ಮಂಚದ ಮೇಲಿನ ಗುಡ್ಡೆಯಲ್ಲಿ ಸಿಕ್ಕಿಕೊಂಡಿತ್ತು. ತೋಳುಗಳು ನಡುಗುತ್ತಿದ್ದವು. ಸೀರೆ ಒದ್ದೆಯಾಗಿ, ಕಾಲಡಿಯ ಮೂತ್ರ ಬಾಗಿಲ ತನಕ ಹರಿದು ಆಗಲೇ ಅಂಚಿನಲ್ಲಿ ಒಣಗುತ್ತಿತ್ತು. ನೀರಿನ ಲೋಟ ತುಂಬಿದಂತೆಯೇ ಇತ್ತು.

"ಎಲ್ಲಿಗೆ ಹೋಗಿದ್ದೆ ಹುಡುಗಿ?" ಅಂದರು. ಬೈಗುಳವಿರಲಿಲ್ಲ, ಬರೀ ದಣಿವು. "ಕೈ ಸೋತುಹೋಯ್ತು. ಹಿಡ್ಕೋ ಆ ಕಡೆ."

ಅವಳಿಗೆ ಬಾತ ಕಾಲು ಅರ್ಥವಾಯಿತು. ಮಡಚದ ಗುಡ್ಡೆ ಅರ್ಥವಾಯಿತು. ಒಬ್ಬಳೇ ಮಡಚುವುದನ್ನು ಅತ್ತೆ ಎಂದೂ ಕಲಿತಿರಲಿಲ್ಲ. ದಿನಾ ಬೆಳಿಗ್ಗೆ ತಾನೇ ಅವರ ಕೈಗೆ ಈಚೆ ತುದಿ ಕೊಟ್ಟು, ಬೀಗ ಹಾಕಿಕೊಂಡು ಹೋಗುತ್ತಿದ್ದಳು.

ಮೊದಲು ಸೀರೆ ಬದಲಿಸೋಣವೆಂದು ಹತ್ತಿರ ಹೋದರೆ ಅತ್ತೆ ಮೂಲೆ ಬಿಡಲಿಲ್ಲ. ಅವಳು ಆಚೆ ತುದಿ ಎತ್ತಿಕೊಂಡಳು. ಕೊಡವಿದರು, ಬಿಗಿ ಹಿಡಿದರು. ಅವಳು ನಡೆದು ಹೋಗಿ ಮೂಲೆ ಒಪ್ಪಿಸಿದಳು. ಆ ತಣ್ಣನೆಯ ಬೆರಳುಗಳು ಅಳತೆ ತಪ್ಪದೆ ಅಂಚಿಗೆ ಅಂಚು ಕೂಡಿಸಿಕೊಂಡವು. ಆಮೇಲೆಯೇ ಅವರು ಕೂತದ್ದು.

ಸ್ನಾನ ಮಾಡಿಸುವಾಗ, ಗುಡ್ಡೆಯನ್ನು ಬಚ್ಚಲ ಒಲೆಗೆ ಹಾಕಿಬಿಡಲೇ ಎಂದುಕೊಂಡಳು. ಬೆಡ್‌ಶೀಟಿಲ್ಲದಿದ್ದರೆ ಅತ್ತೆ ಸೀರೆಯನ್ನೇ ಬಿಚ್ಚಿ ಹಿಡಿದು ನಿಲ್ಲುತ್ತಾರೆ. ಆಚೆ ತುದಿಯನ್ನು ಕಿಟಕಿಯ ಕಂಬಿಗೆ ಕಟ್ಟಿದರೆ? ಕಿಟಕಿ ಎದ್ದು ನಡೆದು ಬರುವುದಿಲ್ಲ.

ಸಂಜೆ ಗಂಡನ ಫೋನು ಬಂತು. ಲಾರಿ ಇನ್ನೂ ನಾಲ್ಕು ದಿನ ಆ ಕಡೆಯೇ ಇರುತ್ತದಂತೆ. ಅಮ್ಮ ಹೇಗಿದ್ದಾರೆ ಎಂದು ಕೇಳಿ, ಇದ್ದಾರೆ ಎಂಬ ಉತ್ತರಕ್ಕೆ ಸಮಾಧಾನಪಟ್ಟ. "ಕಂಪನಿಯವರೇ ಪುಕ್ಕಟೆ ಬಿಡ್ತಾರಲ್ಲ, ಹೋಗಿ ಬರೋಕೇನು ಕಷ್ಟ ನಿಂಗೆ?" ಎಂದ. ನೋಡೋಣ ಎಂದಳು. ಅದಾದ ಮೇಲೆ ಗಿಳಿಯ ಫೋನು. ಇವತ್ತಿನ ಬಾಕಿ ನಾಳೆ ತಲೆ ಮೇಲೆ ಬೀಳುತ್ತೆ, ಬೇಗ ಬಾ ಎಂದಳು. ಅದಕ್ಕೆ ಇವಳು ಹೂಂ ಎಂದಳು.

ಅತ್ತೆ ಗೋಡೆಗೊರಗಿ ತೂಕಡಿಸುತ್ತಿದ್ದರು. ಅವಳು ಬ್ಲೇಡು ತಂದು ಅವರ ಪಕ್ಕದಲ್ಲೇ ಕೂತು, ತನ್ನ ಉಗುರುಗಳನ್ನು ಒಂದೊಂದಾಗಿ ಬುಡದ ತನಕ ಕತ್ತರಿಸತೊಡಗಿದಳು. ಬೆಳಿಗ್ಗೆ ಗಿಳಿ ಬರುವ ಮುಂಚೆಯೇ ಮೇಡಂ ಹತ್ತಿರ ಹೋಗಿ ಕೊಳೆ ಕೋಣೆ ಕೇಳಬೇಕು. ಮಧ್ಯಾಹ್ನ ಮನೆಗೆ ಬಂದರೆ ಅಲ್ಲಿ ಬರಿಗೈಯಲ್ಲಿ ನಿಲ್ಲುವವರು ಯಾರೂ ಇರುವುದಿಲ್ಲ. ಯಾವ ತಪ್ಪಿಗೆ ಎಂದು ಎಲ್ಲರೂ ಕೇಳುತ್ತಾರೆ, ಕೇಳಲಿ. ಕಿರುಬೆರಳಿನ ಚರ್ಮ ಸ್ವಲ್ಪ ಕುಯ್ದು ರಕ್ತ ಜಿನುಗಿತು. ಬಾಯಿಗಿಟ್ಟು ಚೀಪಿಕೊಂಡು, ಮತ್ತೊಂದು ಕೈಗೆ ಬ್ಲೇಡು ಬದಲಿಸಿದಳು.